ಮನೆಯ ತೆರೆಯ ಮೇಲಿನ ಕತ್ತಲೆ

ಕಣ್ಣಿದ್ದ ಮಾತ್ರಕ್ಕೆ ಕಾಣುವುದಿಲ್ಲ. ಕಾಣುವುದಕ್ಕೆ ಬೆಳಕೂ ಬೇಕು. ಇದು ಬಾಲಕರಿಗೂ ತಿಳಿದ ಮಾತು. ಹೀಗಿದ್ದರೂ, ಸಾವಿರಾರು ರೂಪಾಯಿಗಳನ್ನು ವ್ಯಯಮಾಡಿ ಮನೆಗೆ ತಂದ ದೊಡ್ಡ ಟಿ.ವಿ.ಯ ಮುಂದೆ ಕುಳಿತವರು, “ಈಗ ಬಂದವರು ಯಾರು? ಬಿದ್ದವರು ಯಾರು? ಏನಾಯಿತು?” ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಪ್ರಸಂಗವು ಈಚೆಗೆ ಮನೆಮನೆಗಳಲ್ಲಿಯೂ ಒದಗುತ್ತಿರುವುದು. ಕಥೆಯಲ್ಲಿ ರಾತ್ರಿಯಾಯಿತೆಂದರೆ ನೋಡುವವರ ಪಾಲಿಗೂ ರಾತ್ರಿಯೇ ಆಗುವುದು. ಇದಕ್ಕೆ ಕಾರಣವೇನು, ದೋಷವು ಯಾರದು, ಗೃಹಸ್ಥರು ತಮ್ಮ ಕೈಯಿಂದ ಮಾಡಿಕೊಳ್ಳಬಹುದಾದ ಪರಿಹಾರವೇನು ಎಂಬುದನ್ನು ವಾಚಕರೊಡನೆ ಸ್ವಲ್ಪ ವಿಚಾರಿಸಬೇಕೆಂದು ಈ ಲೇಖನವನ್ನು ಕೈಕೊಂಡಿರುವೆವು.

ನಮ್ಮ ತೆಲಸಂಗವು ಅಥಣಿಯಿಂದ ವಿಜಯಪುರಕ್ಕೆ ಹೋಗುವ ಹಾದಿಯಲ್ಲಿರುವ ಊರು. ಹಗಲೆಲ್ಲ ಹೊಲದಲ್ಲಿಯೂ ದ್ರಾಕ್ಷಿಯ ತೋಟದಲ್ಲಿಯೂ ದುಡಿದು ಬಂದವರು ರಾತ್ರಿಯ ಊಟದ ಹೊತ್ತಿಗೆ ಪಡಸಾಲೆಯಲ್ಲಿ ಕೂಡುವರು. ಟಿ.ವಿ.ಯು ಬಹುಮಟ್ಟಿಗೆ ತಲೆಬಾಗಿಲಿನ ಎದುರಿನ ಗೋಡೆಯ ಮೇಲೆಯೇ ಇರುವುದು. ಅದರ ಎದುರಿಗೇ ಟ್ಯೂಬ್‌ಲೈಟು ಉರಿಯುತ್ತಿರುವುದು. ಇಂತಹ ಪಡಸಾಲೆಗಳಲ್ಲಿ ನಾವು ಒಂದಲ್ಲ, ಹತ್ತು ಸಲ ಕೇಳಿದ ಸಂಭಾಷಣೆಯಿದು. ಮನೆಯ ಹಿರಿಯಳು, “ಏನೂ ಕಾಣವಲ್ದೋ ತಮ್ಮಾ, ಬರೇ ಕರ್ರಗ ಐತಿ” ಎನ್ನುವಳು. ಮೊಮ್ಮಗನು ತೆರೆಯಿಂದ ಕಣ್ಣು ತೆಗೆಯದೆ, “ಆಯಿ, ನಿನ್ನ ಕಣ್ಣು ಮಂಜಾಗ್ಯಾವ, ಸುಮ್ನ ಕೂಡು” ಎನ್ನುವನು. ಆಕೆ ಸ್ವಲ್ಪ ಹೊತ್ತು ಕುಳಿತು, ಕಡೆಗೆ ಎದ್ದು ಹಾಸಿಗೆಗೆ ಹೋಗುವಳು. ಮೇಲುನೋಟಕ್ಕೆ ಇದು ಸಣ್ಣ ಸಂಗತಿ. ಆದರೆ ಮನೆಯವರೆಲ್ಲರೂ ಕೂಡಿ ಕುಳಿತುಕೊಳ್ಳುವ ಹೊತ್ತು ದಿನದಲ್ಲಿ ಒಂದೇ ಉಳಿದಿರುವ ಈ ಕಾಲದಲ್ಲಿ, ಆ ಕೂಟದಿಂದ ಒಬ್ಬ ಹಿರಿಯರು ಎದ್ದು ಹೋಗುವುದು ಸಣ್ಣ ನಷ್ಟವೆಂದು ನಾವು ಎಣಿಸುವುದಿಲ್ಲ. ಅದರಲ್ಲಿಯೂ ತಪ್ಪು ತಮ್ಮ ಕಣ್ಣಿನದೇ ಎಂದು ನಂಬಿ ಅವರು ಹೋಗುವುದು ಇನ್ನೂ ಖೇದಕರವು.

ನೋಟಕ್ಕೆ ಅಡ್ಡಿಯಾದರೆ ರಸಕ್ಕೂ ಅಡ್ಡಿಯಾಗುವುದೆಂಬುದನ್ನು ನಮ್ಮ ಪ್ರಾಚೀನರು ಚೆನ್ನಾಗಿ ಅರಿತಿದ್ದರು. ಭರತಮುನಿಯು ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ನಾಟ್ಯಗೃಹದ ಅಳತೆಯನ್ನು ಹೇಳುವಾಗ, ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ಮಧ್ಯಮ ಪ್ರಮಾಣದ ಗೃಹವೇ ತಕ್ಕದ್ದೆಂದು ವಿಧಿಸಿರುವನು. ಅದಕ್ಕೆ ಅವನು ಕೊಡುವ ಕಾರಣವು ಗಮನಾರ್ಹವಾದುದು: ಗೃಹವು ಅತಿ ವಿಸ್ತಾರವಾದರೆ ಮಾತು ಅಸ್ಪಷ್ಟವಾಗುವುದು, ಮುಖದ ಮೇಲಿನ ಭಾವವೂ ಪ್ರೇಕ್ಷಕರಿಗೆ ತೋರದು. ಅಂದರೆ ನಟನು ಎಷ್ಟೇ ನಿಪುಣನಾಗಿರಲಿ, ಪ್ರೇಕ್ಷಕನ ಕಣ್ಣಿಗೆ ಮುಟ್ಟದ ಅಭಿನಯವು ವ್ಯರ್ಥವೆಂದೇ ಅವನ ಅಭಿಪ್ರಾಯ. ಭರತನಿಗೆ ವ್ಯಾಖ್ಯಾನವನ್ನು ಬರೆದ ಅಭಿನವಗುಪ್ತನು ರಸಾಸ್ವಾದಕ್ಕೆ ಬರುವ ಏಳು ವಿಘ್ನಗಳನ್ನು ಎಣಿಸಿರುವನು. ಅವುಗಳಲ್ಲಿ ‘ಪ್ರತೀತ್ಯುಪಾಯವೈಕಲ್ಯ’ ಎಂಬುದೊಂದು, ‘ಸ್ಫುಟತ್ವಾಭಾವ’ ಎಂಬುದು ಇನ್ನೊಂದು. ತಿಳಿದುಕೊಳ್ಳುವ ಸಾಧನದಲ್ಲಿಯೇ ಕೊರತೆಯಿರುವುದು ಮೊದಲನೆಯದರ ಅರ್ಥ. ತಿಳಿದದ್ದು ಸ್ಪಷ್ಟವಾಗದಿರುವುದು ಎರಡನೆಯದರ ಅರ್ಥ. ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿ ಬರೆದ ಈ ಎರಡು ಮಾತುಗಳು ಇಂದು ನಮ್ಮ ಪಡಸಾಲೆಯ ಟಿ.ವಿ.ಗೆ ಎಷ್ಟು ಒಪ್ಪುವವು!

ಹಾಗಾದರೆ ಪ್ರಾಚೀನರು ಕತ್ತಲೆಯನ್ನು ರಂಗದಿಂದ ದೂರವಿಟ್ಟಿದ್ದರೋ? ಅದೂ ಇಲ್ಲ. ಶೂದ್ರಕನ ಮೃಚ್ಛಕಟಿಕದ ಮೊದಲನೆಯ ಅಂಕವು ನಡೆಯುವುದೇ ಗಾಢಾಂಧಕಾರದಲ್ಲಿ. ಶಕಾರನು ವಸಂತಸೇನೆಯನ್ನು ಬೆನ್ನಟ್ಟುವನು. ಕತ್ತಲೆಯಲ್ಲಿ ಅವಳನ್ನು ಕಾಣದೆ ಬೇರೆಯವರನ್ನು ಹಿಡಿದು ಪೇಚಾಡುವನು. ವಸಂತಸೇನೆಯು ಸೆರಗಿನಿಂದ ದೀಪವನ್ನಾರಿಸಿ ಚಾರುದತ್ತನ ಮನೆಯನ್ನು ಹೊಗುವಳು. ಈ ಕತ್ತಲೆಯೆಲ್ಲವೂ ಪಾತ್ರಗಳಿಗೆ ಮಾತ್ರ, ಪ್ರೇಕ್ಷಕರಿಗಲ್ಲ. ಕವಿಯ ವರ್ಣನೆಯಿಂದಲೂ ನಟರು ತಡವರಿಸುವ ಕೈಗಳಿಂದಲೂ ನಮಗೆ ಕತ್ತಲೆಯ ಬೋಧೆಯಾಗುವುದು. ಆದರೆ ನಡೆಯುವುದೆಲ್ಲವನ್ನೂ ನಾವು ಕಾಣುತ್ತಲೇ ಇರುವೆವು. ಶಕಾರನಿಗೆ ಕಾಣದಿರುವುದು ನಮಗೆ ಕಾಣುವುದರಿಂದಲೇ ಅಲ್ಲಿ ಹಾಸ್ಯವುಂಟಾಗುವುದು.

ನಮ್ಮ ಸೀಮೆಯ ಬಯಲಾಟದವರೂ ಈ ಮರ್ಮವನ್ನು ಬಲ್ಲವರೇ. ದೊಡ್ಡಾಟವಾಗಲಿ, ಶ್ರೀಕೃಷ್ಣ ಪಾರಿಜಾತವಾಗಲಿ, ಹಿಂದೆ ಅವು ದೀವಟಿಗೆಯ ಬೆಳಕಿನಲ್ಲಿಯೂ ತರುವಾಯ ಗ್ಯಾಸ್‌ಬತ್ತಿಯ ಬೆಳಕಿನಲ್ಲಿಯೂ ನಡೆದವು. ಅಷ್ಟು ಮಂದವಾದ ಬೆಳಕಿನಲ್ಲಿ ದೂರದ ಕಟ್ಟೆಯ ಮೇಲೆ ಕುಳಿತವನಿಗೂ ಕಾಣಬೇಕೆಂದೇ ಮುಖಕ್ಕೆ ಗಾಢವಾದ ಬಣ್ಣ, ತಲೆಗೆ ಹೊಳೆಯುವ ಕಿರೀಟ, ಭುಜಕ್ಕೆ ಥಳಥಳಿಸುವ ಕೀರ್ತಿ. ತಮ್ಮ ದೀಪದ ಶಕ್ತಿಯೆಷ್ಟೆಂಬುದನ್ನು ಅರಿತು ಅದಕ್ಕೆ ತಕ್ಕಂತೆ ವೇಷವನ್ನು ಕಟ್ಟುವುದು ಆ ನಿರಕ್ಷರ ಕಲಾವಿದರ ವಿವೇಕವಾಗಿತ್ತು.

ಚಲಚ್ಚಿತ್ರವು ಬಂದ ಮೇಲೆ ಕತ್ತಲೆಯು ಹೊಸ ಬೆಲೆಯನ್ನು ಪಡೆಯಿತು. ಈ ವಿದ್ಯೆಯಲ್ಲಿ ಕನ್ನಡಿಗರ ಹೆಸರು ಹಿಂದೆ ಬಿದ್ದಿಲ್ಲ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು ಗುರುದತ್ತರ ‘ಪ್ಯಾಸಾ’ (1957), ‘ಕಾಗಜ್ ಕೆ ಫೂಲ್’ (1959) ಚಿತ್ರಗಳ ಛಾಯಾಗ್ರಾಹಕರಾಗಿ ಬೆಳಕು-ನೆರಳುಗಳ ಸಂಯೋಜನೆಗೆ ದೇಶದಲ್ಲಿಯೇ ಮಾದರಿಯಾದರು. ‘ಕಾಗಜ್ ಕೆ ಫೂಲ್’ದ ಒಂದು ಗೀತದೃಶ್ಯದಲ್ಲಿ ಕತ್ತಲೆಗವಿದ ಸ್ಟುಡಿಯೋದೊಳಗೆ ಒಂದೇ ಒಂದು ಬೆಳಕಿನ ಕೋಲು ಇಳಿಯುವುದು, ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಒಳಕ್ಕೆ ಹಾಯಿಸಿ ಅದನ್ನು ಸಾಧಿಸಿದರು. ಮುಂದೆ 2008ನೆಯ ವರ್ಷದ ದಾದಾಸಾಹೇಬ ಫಾಲ್ಕೆ ಪ್ರಶಸ್ತಿಯು ಅವರಿಗೆ ಸಂದಿತು. ಆ ಗೌರವವನ್ನು ಪಡೆದ ಮೊದಲನೆಯ ಛಾಯಾಗ್ರಾಹಕರು ಅವರೇ. 2014ರಲ್ಲಿ ಅವರು ಕಾಲವಾದರು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ಕಪ್ಪು-ಬಿಳುಪಿನಲ್ಲಿ ಸೆರೆಹಿಡಿದವರು ಎಸ್. ರಾಮಚಂದ್ರ ಅವರು. ಆ ಚಿತ್ರವು ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮರಳಿ ತೆರೆಕಂಡಿತು. ಇಂತಹ ಛಾಯಾಗ್ರಾಹಕರು ಕತ್ತಲೆಗೆ ಅಂಜಿದವರಲ್ಲ. ಆದರೆ ಅವರ ಚಿತ್ರಗಳನ್ನು ಜನರು ನೋಡುತ್ತಿದ್ದುದು ಬಾಗಿಲುಗಳನ್ನು ಮುಚ್ಚಿ ಕತ್ತಲೆಮಾಡಿದ ಚಿತ್ರಮಂದಿರದಲ್ಲಿ ಎಂಬುದನ್ನು ಮರೆಯಲಾಗದು.

ಟಿ.ವಿ.ಯ ಇತಿಹಾಸವು ಇದಕ್ಕಿಂತ ಬೇರೆ. ನಮ್ಮ ನೆರೆಯ ಅಂದಿನ ವಿಜಾಪುರ ಜಿಲ್ಲೆಯ ಹಳ್ಳಿಗಳಿಗೆ ಟಿ.ವಿ.ಯು ಮೊದಲು ಬಂದುದು 1975ರ ಆಗಸ್ಟ್ 1ರಂದು. ಉಪಗ್ರಹದ ಮೂಲಕ ಶಿಕ್ಷಣವನ್ನೀಯುವ ‘ಸೈಟ್’ ಎಂಬ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಅದರಲ್ಲಿ ಸೇರಿದ್ದವು. ಒಂದು ವರ್ಷದ ವರೆಗೆ ಊರವರು ಸಂಜೆ ಒಂದೆಡೆಗೆ ಕೂಡಿ ಒಂದೇ ಪೆಟ್ಟಿಗೆಯನ್ನು ನೋಡಿದರು. 1981ರ ನವೆಂಬರ್ 1ರಂದು ಬೆಂಗಳೂರು ಕೇಂದ್ರವು ಆರಂಭವಾಯಿತು. 1982ರಲ್ಲಿ ದೇಶದ ಟಿ.ವಿ.ಗೆ ಬಣ್ಣವು ಬಂದಿತು. ಆಗಿನ ಗಾಜಿನ ಕೊಳವೆಯ ತೆರೆಗೆ ಸೂಕ್ಷ್ಮವಾದ ನೆರಳುಗಳನ್ನು ತೋರಿಸುವ ಶಕ್ತಿಯು ಕಡಿಮೆ. ಇದನ್ನು ಬಲ್ಲ ನಿರ್ಮಾಪಕರು ರಾತ್ರಿಯ ದೃಶ್ಯಕ್ಕೂ ಧಾರಾಳವಾಗಿ ದೀಪಗಳನ್ನು ಹಾಕುವರು. 1987ರ ಜನವರಿಯಿಂದ ಪ್ರಸಾರವಾದ ‘ರಾಮಾಯಣ’ವನ್ನು ಜ್ಞಾಪಿಸಿಕೊಂಡರೆ ಸಾಕು, ಚಿತ್ರವು ಸ್ವಲ್ಪ ಚಪ್ಪಟೆಯಾಗಿ ತೋರಿದರೂ ಮುಖಗಳಿಗೆ ಬೆಳಕಿನ ಬರಗಾಲವಿರಲಿಲ್ಲ.

ಈ ಪದ್ಧತಿಯು ತಿರುಗಿದುದು ಡಿಜಿಟಲ್ ಕ್ಯಾಮೆರಾಗಳಿಂದ. ಹಿಂದಿನ ಫಿಲ್ಮಿಗೆ ಹೆಚ್ಚು ಬೆಳಕು ಬೇಕಾಗಿತ್ತು. ಹೊಸ ಕ್ಯಾಮೆರಾವು ಒಂದು ಹಣತೆಯ ಬೆಳಕಿನಲ್ಲಿಯೂ ಮುಖವನ್ನು ಹಿಡಿಯಬಲ್ಲುದು. ಚಿತ್ರವನ್ನು ತೆಗೆದ ಮೇಲೆ ಅದರ ಬಣ್ಣವನ್ನೂ ಕಪ್ಪನ್ನೂ ಯಂತ್ರದಲ್ಲಿ ಬೇಕಾದಂತೆ ತಿದ್ದಲೂ ಬರುವುದು. ಹೀಗಾಗಿ ರಾತ್ರಿಯನ್ನು ರಾತ್ರಿಯಂತೆಯೇ ತೋರಿಸಬೇಕೆಂಬ ಹಂಬಲವು ನಿರ್ದೇಶಕರಲ್ಲಿ ಬಲಿಯಿತು. 2018ರ ಡಿಸೆಂಬರದಲ್ಲಿ ಬಂದ ‘ಕೆ.ಜಿ.ಎಫ್.’ ಚಿತ್ರದಲ್ಲಿ ಭುವನ್ ಗೌಡರ ಛಾಯಾಗ್ರಹಣವು ಕಪ್ಪು, ಕಂದು, ಬೂದು ಬಣ್ಣಗಳನ್ನೇ ನೆಚ್ಚಿರುವುದು. ಗಣಿಯ ಧೂಳು, ಮಸಿ, ನೆರಳು ಆ ಕಥೆಗೆ ತಕ್ಕವೇ. ಚಿತ್ರಮಂದಿರದಲ್ಲಿ ಅದರ ಭೀಷಣತೆಯನ್ನು ಜನರು ಮೆಚ್ಚಿದರು. ಅದೇ ಚಿತ್ರವನ್ನು ಮಧ್ಯಾಹ್ನ ಬಾಗಿಲು ತೆರೆದ ಪಡಸಾಲೆಯಲ್ಲಿ ನೋಡಿದವರಿಗೆ ಆ ಕಂದು-ಬೂದುಗಳೆಲ್ಲವೂ ಒಂದೇ ಮಸಿಯಾಗಿ ತೋರುವವು. 2022ರ ‘ಕಾಂತಾರ’ದಲ್ಲಿಯೂ ರಾತ್ರಿಯ ದೃಶ್ಯಗಳುಂಟು. ಆದರೆ ಭೂತಕೋಲದ ಸನ್ನಿವೇಶಗಳಲ್ಲಿ ಉರಿಯುವ ಬೆಂಕಿಯು ತೆರೆಯ ಮೇಲೆಯೇ ಇರುವುದರಿಂದ ಕಣ್ಣಿಗೆ ಒಂದು ಆಧಾರವು ದೊರೆಯುವುದು.

ಈ ದೂರು ನಮ್ಮದೊಂದೇ ಅಲ್ಲ. ‘ಗೇಮ್ ಆಫ್ ಥ್ರೋನ್ಸ್’ ಎಂಬ ಪ್ರಸಿದ್ಧ ಇಂಗ್ಲಿಷ್ ಧಾರಾವಾಹಿಯಲ್ಲಿ ‘ದ ಲಾಂಗ್ ನೈಟ್’ ಎಂಬ 82 ನಿಮಿಷಗಳ ಸಂಚಿಕೆಯು 2019ರ ಏಪ್ರಿಲ್ 28ರಂದು ಅಮೇರಿಕದಲ್ಲಿ ಪ್ರಸಾರವಾಯಿತು. ಅದೆಲ್ಲವೂ ರಾತ್ರಿಯ ಯುದ್ಧವೇ. ಯಾರು ಸತ್ತರು, ಯಾರು ಉಳಿದರು ಎಂಬುದು ತಿಳಿಯಲಿಲ್ಲವೆಂದು ದೇಶದೇಶಗಳ ಪ್ರೇಕ್ಷಕರು ಕೂಗಿದರು. ಅದರ ಛಾಯಾಗ್ರಾಹಕರಾದ ಫೇಬಿಯನ್ ವಾಗ್ನರ್ ಅವರು, ಕತ್ತಲೆಯು ಉದ್ದೇಶಪೂರ್ವಕವಾದುದೆಂದೂ, ಪ್ರಸಾರಕ್ಕಾಗಿ ಚಿತ್ರವನ್ನು ಹಿಂಡಿದುದರಿಂದಲೂ ಜನರು ಟಿ.ವಿ.ಯನ್ನು ಸರಿಯಾಗಿ ಹೊಂದಿಸಿಕೊಳ್ಳದುದರಿಂದಲೂ ತೊಂದರೆಯಾಯಿತೆಂದೂ ಸಮಾಧಾನ ಹೇಳಿದರು. ಆ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಪೂರ್ಣ ಸತ್ಯವೂ ಅದಲ್ಲವೆಂದು ನಮ್ಮ ಮತ. ಚಿತ್ರದ ಬೆಳಕು ಎಲ್ಲೆಲ್ಲಿ ಸೋರಿಹೋಗುವುದೆಂಬುದನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಚಿತ್ರವನ್ನು ತಿದ್ದುವ ಕೋಣೆ. ಬೆಳಕಿನ ಹೊಳಪನ್ನು ಚದರ ಮೀಟರಿಗೆ ಇಷ್ಟು ಕ್ಯಾಂಡೆಲಾ ಎಂದು ಅಳೆಯುವರು. ಚಿತ್ರಮಂದಿರದ ತೆರೆಯ ಅಚ್ಚ ಬಿಳುಪಿಗೆ 48 ಕ್ಯಾಂಡೆಲಾ, ಟಿ.ವಿ.ಯ ಚಿತ್ರವನ್ನು ತಿದ್ದುವ ತೆರೆಗೆ ಸಾಮಾನ್ಯವಾಗಿ 100 ಕ್ಯಾಂಡೆಲಾ ಎಂಬುದು ರೂಢಿಯ ಪ್ರಮಾಣ. ಬಿಳುಪೇ ಇಷ್ಟಾದರೆ ರಾತ್ರಿಯ ನೆರಳಿನ ಭಾಗಗಳು ಒಂದೆರಡು ಕ್ಯಾಂಡೆಲಾದಷ್ಟೇ ಅಥವಾ ಅದಕ್ಕಿಂತಲೂ ಕಡಿಮೆ. ಬೆಲೆಬಾಳುವ ತೆರೆಯ ಮುಂದೆ, ಮಂದ ಬೆಳಕಿನ ಕೋಣೆಯಲ್ಲಿ ಕುಳಿತ ತಜ್ಞನಿಗೆ ಅದೆಲ್ಲವೂ ಕಾಣುವುದು.

ಎರಡನೆಯದು, ನಮ್ಮ ಪಡಸಾಲೆ. ಇಲ್ಲಿ ಒಂದು ಸಣ್ಣ ಗಣಿತವನ್ನು ಮಾಡೋಣ. ತೆರೆಯ ಮೇಲೆ 200 ಲಕ್ಸಿನಷ್ಟು ಬೆಳಕು ಬೀಳುತ್ತಿರುವುದೆಂದು ಇಟ್ಟುಕೊಳ್ಳಿರಿ. ಆ ತೆರೆಯು ತನ್ನ ಮೇಲೆ ಬಿದ್ದುದರಲ್ಲಿ ಶೇಕಡಾ 3ರಷ್ಟನ್ನೇ ಹಿಂದಕ್ಕೆ ಚೆಲ್ಲಿದರೂ, ಅದು ಸುಮಾರು 2 ಕ್ಯಾಂಡೆಲಾದಷ್ಟು ಹೊಳಪಾಗುವುದು. ನೆರಳಿನ ಚಿತ್ರವೇ ಒಂದೆರಡು ಕ್ಯಾಂಡೆಲಾ, ಅದರ ಮೇಲೆ ಹೊದಿಸಿದ ಮಂಜು ಎರಡು ಕ್ಯಾಂಡೆಲಾ! ಬಿಸಿಲಿನಲ್ಲಿ ಹಚ್ಚಿಟ್ಟ ಹಣತೆಯ ಗತಿಯೇ ಆ ಚಿತ್ರಕ್ಕೆ ಬರುವುದು. ಬೀದಿಯ ಬಾಗಿಲೂ ಟ್ಯೂಬ್‌ಲೈಟೂ ತೆರೆಯಲ್ಲಿ ಪ್ರತಿಬಿಂಬಿಸಿದರಂತೂ ಹೇಳುವುದೇ ಬೇಡ.

ಮೂರನೆಯದು, ಹಾದಿಯಲ್ಲಾಗುವ ನಷ್ಟ. ಡಿಜಿಟಲ್ ಚಿತ್ರದಲ್ಲಿ ಕಪ್ಪಿನಿಂದ ಬಿಳುಪಿನ ವರೆಗೆ ಮೆಟ್ಟಿಲುಗಳಿರುವವು. ಸಾಮಾನ್ಯ ಪ್ರಸಾರದಲ್ಲಿ ಇವು 256. ಅವುಗಳಲ್ಲಿಯೂ 16ನೆಯದನ್ನು ಕಪ್ಪೆಂದೂ 235ನೆಯದನ್ನು ಬಿಳುಪೆಂದೂ ಇಟ್ಟಿರುವರು. ರಾತ್ರಿಯ ದೃಶ್ಯವೆಲ್ಲವೂ ಕೆಳಗಿನ ಕೆಲವೇ ಮೆಟ್ಟಿಲುಗಳಲ್ಲಿ ನಡೆದುಹೋಗುವುದು. ಇದರ ಮೇಲೆ, ಉಪಗ್ರಹದಿಂದಲೋ ಇಂಟರ್‌ನೆಟ್ಟಿನಿಂದಲೋ ಕಳಿಸುವಾಗ ಭಾರವು ಕಡಿಮೆಯಾಗಲೆಂದು ಚಿತ್ರವನ್ನು ಹಿಂಡುವರು. ಕಣ್ಣಿಗೆ ಅಷ್ಟಾಗಿ ತೋರದೆಂದು ಯಂತ್ರವು ಭಾವಿಸುವ ಸೂಕ್ಷ್ಮ ಭೇದಗಳು ಮೊದಲು ಬಲಿಯಾಗುವವು; ನೆರಳಿನ ಭೇದಗಳೇ ಅಂಥವು. ಆದುದರಿಂದಲೇ ರಾತ್ರಿಯ ಆಕಾಶದಲ್ಲಿ ಚೌಕಚೌಕವಾದ ತೇಪೆಗಳೂ ಪಟ್ಟೆಗಳೂ ಕಾಣುವವು. ಹೊಸದಾದ ಎಚ್.ಡಿ.ಆರ್. ಪದ್ಧತಿಯಲ್ಲಿ ಮೆಟ್ಟಿಲುಗಳು 1,024ಕ್ಕೆ ಏರುವವು. ಆದರೆ ತೆರೆಗೆ ಸಾಕಷ್ಟು ಹೊಳಪಿನ ಶಕ್ತಿಯಿಲ್ಲದ ಅಗ್ಗದ ಟಿ.ವಿ.ಯಲ್ಲಿ ಅಂತಹ ಚಿತ್ರವು ಸಾಮಾನ್ಯ ಚಿತ್ರಕ್ಕಿಂತಲೂ ಮಂಕಾಗಿ ತೋರುವುದುಂಟು.

ನಾಲ್ಕನೆಯದು, ಟಿ.ವಿ.ಯ ಜಾತಿ. ಎಲ್.ಇ.ಡಿ. ಎಂದು ಮಾರುವ ಸಾಮಾನ್ಯ ಟಿ.ವಿ.ಯಲ್ಲಿ ತೆರೆಯ ಹಿಂದೆ ದೀಪಗಳಿದ್ದು, ಮುಂದಿನ ಎಲ್.ಸಿ.ಡಿ. ಪದರವು ಆ ಬೆಳಕನ್ನು ಬೇಕಾದಷ್ಟು ಬಿಡುವುದು, ಬೇಡಾದುದನ್ನು ತಡೆಯುವುದು. ತಡೆಯು ಪೂರ್ಣವಾಗದ ಕಾರಣ ಕಪ್ಪು ಬೂದಾಗುವುದು. ಓ.ಎಲ್.ಇ.ಡಿ. ತೆರೆಯಲ್ಲಿ ಪ್ರತಿಯೊಂದು ಬಿಂದುವೂ ತಾನೇ ದೀಪ. ಆರಿದರೆ ಅಚ್ಚ ಕಪ್ಪು. ಆದರೆ ಅದರ ಬೆಲೆಯು ಹೆಚ್ಚು, ಬಿಸಿಲಿನ ಕೋಣೆಯಲ್ಲಿ ಅದೂ ಸೋಲುವುದು.

ಐದನೆಯದು, ನಮ್ಮ ಕಣ್ಣು. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಪೂರ್ಣವಾಗಿ ಹೊಂದಿಕೊಳ್ಳುವುದಕ್ಕೆ 20ರಿಂದ 30 ನಿಮಿಷಗಳು ಹಿಡಿಯುವವು. ವಯಸ್ಸಾದಂತೆ ಕಣ್ಣಿನ ಪಾಪೆಯು ಕಿರಿದಾಗುವುದು, ಒಳಗಿನ ಮಸೂರವು ಹಳದಿಗೂಡುವುದು. 20 ವರ್ಷದವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ 60 ವರ್ಷದವರ ಒಳಪರದೆಗೆ ತಲುಪುವುದೆಂದು ನೇತ್ರಶಾಸ್ತ್ರಜ್ಞರು ಹೇಳುವರು. ಆದುದರಿಂದ “ಕಾಣವಲ್ದು” ಎನ್ನುವ ಹಿರಿಯರು ಸುಳ್ಳು ಹೇಳುತ್ತಿಲ್ಲ. ಅವರ ಕಣ್ಣಿಗೆ ರೋಗವಿದೆಯೆಂದೂ ಒಮ್ಮೆಲೇ ತಿಳಿಯಬೇಕಾದುದಿಲ್ಲ. ಮನೆಯ ಪ್ರಾಯದವರಿಗೆ ಇಷ್ಟಿಷ್ಟಾಗಿ ಕಾಣುವುದು ಅವರಿಗೆ ಪೂರ್ಣ ಕಾಣದಾಗುವುದು ದೇಹಧರ್ಮವೇ. ಆದರೆ ಒಂದು ಎಚ್ಚರಿಕೆ: ಹಗಲಿನ ದೃಶ್ಯವೂ ಮಬ್ಬಾಗಿ ಕಾಣುತ್ತಿದ್ದರೆ, ದೀಪದ ಸುತ್ತಲೂ ಪ್ರಭೆ ತೋರುತ್ತಿದ್ದರೆ, ಅದು ಕಣ್ಣಿನ ಪೊರೆಯ, ಎಂದರೆ ನಮ್ಮ ಕಡೆಯವರು ಹೇಳುವ ಮೋತಿಬಿಂದುವಿನ ಲಕ್ಷಣವಿರಬಹುದು. ಆಗ ಟಿ.ವಿ.ಯನ್ನು ತಿದ್ದುತ್ತ ಕೂಡದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.

ಇನ್ನು ಪರಿಹಾರ. ಇದಕ್ಕೆ ಹೊಸ ಟಿ.ವಿ.ಯನ್ನು ಕೊಳ್ಳಬೇಕಾದ ಅವಶ್ಯಕತೆಯಿಲ್ಲ. ಮೊದಲು ಟಿ.ವಿ.ಯನ್ನು ಬಾಗಿಲು-ಕಿಟಕಿಗಳ ಎದುರಿನಿಂದ ತೆಗೆದು ಪಕ್ಕದ ಗೋಡೆಗೆ ಇಡಿರಿ. ಅದಾಗದಿದ್ದರೆ ನೋಡುವ ಹೊತ್ತಿಗೆ ಬಾಗಿಲಿಗೆ ಒಂದು ದಪ್ಪನೆಯ ಪರದೆಯನ್ನಾದರೂ ಇಳಿಬಿಡಿರಿ. ಎದುರಿನ ಟ್ಯೂಬ್‌ಲೈಟನ್ನು ಆರಿಸಿ, ಟಿ.ವಿ.ಯ ಹಿಂಬದಿಯಲ್ಲಿ ಒಂದು ಸಣ್ಣ ದೀಪವನ್ನು ಹಚ್ಚಿರಿ. ಆ ಬೆಳಕು ಗೋಡೆಯ ಮೇಲೆ ಬೀಳುವುದೇ ಹೊರತು ತೆರೆಯ ಮೇಲೆ ಬೀಳದು, ಕಣ್ಣಿಗೂ ಆಯಾಸವಾಗದು. ಮನೆಯಲ್ಲಿ ಓಡಾಡುವವರು ಎಡವುವುದೂ ತಪ್ಪುವುದು.

ತರುವಾಯ ರಿಮೋಟನ್ನು ಕೈಗೆ ತೆಗೆದುಕೊಳ್ಳಿರಿ. ವಿದ್ಯುತ್ತನ್ನು ಉಳಿಸುವ ‘ಎನರ್ಜಿ ಸೇವಿಂಗ್’ ವ್ಯವಸ್ಥೆಯು ಹಿಂದಿನ ದೀಪವನ್ನು ತಗ್ಗಿಸುವುದು, ಅದನ್ನು ನಿಲ್ಲಿಸಿರಿ. ಅಂಗಡಿಯಲ್ಲಿ ಕಣ್ಣು ಸೆಳೆಯಲೆಂದು ಇಟ್ಟ ‘ವಿವಿಡ್’ ಎಂಬ ಕ್ರಮದಲ್ಲಿ ಬಿಳುಪು ಕೋರೈಸುವುದು, ನೆರಳು ಮುಳುಗುವುದು. ರಾತ್ರಿ ಮಂದ ಬೆಳಕಿನಲ್ಲಿ ‘ಸಿನೆಮಾ’ ಎಂಬ ಕ್ರಮವೂ ಹಗಲಿನಲ್ಲಿ ‘ಸ್ಟ್ಯಾಂಡರ್ಡ್’ ಎಂಬುದೂ ಅನುಕೂಲವು. ಹಲವು ಟಿ.ವಿ.ಗಳಲ್ಲಿ ‘ಬ್ರೈಟ್‌ನೆಸ್’ ಎಂಬುದು ಹೆಸರಿಗೆ ಹೊಳಪಾದರೂ ನಿಜವಾಗಿ ಕಪ್ಪಿನ ಮಟ್ಟವನ್ನು ಏರಿಳಿಸುವುದು. ಹಿಂದಿನ ದೀಪವನ್ನು ಏರಿಸುವುದು ‘ಬ್ಯಾಕ್‌ಲೈಟ್’. ಮೊದಲು ಬ್ಯಾಕ್‌ಲೈಟನ್ನು ಏರಿಸಿ, ಆಮೇಲೆ ಒಂದು ರಾತ್ರಿಯ ದೃಶ್ಯವನ್ನು ನಿಲ್ಲಿಸಿಕೊಂಡು, ಕಪ್ಪು ಕೂದಲಿನ ಎಳೆಗಳೂ ಕಪ್ಪು ಉಡುಪಿನ ಮಡಿಕೆಗಳೂ ತೋರುವ ವರೆಗೆ ಬ್ರೈಟ್‌ನೆಸ್ಸನ್ನು ಮೆಲ್ಲನೆ ಹೆಚ್ಚಿಸಿರಿ. ಕಪ್ಪು ಬೂದಾಗತೊಡಗಿದರೆ ಒಂದು ಮೆಟ್ಟಿಲು ಹಿಂದೆ ಸರಿಯಿರಿ. ಸೆಟ್‌ಟಾಪ್ ಪೆಟ್ಟಿಗೆಯೂ ಟಿ.ವಿ.ಯೂ ಕಪ್ಪಿನ ಮಟ್ಟವನ್ನು ಒಂದೇ ಲೆಕ್ಕದಲ್ಲಿ ಹಿಡಿದಿರಬೇಕು. ಒಂದು 16ನ್ನೂ ಇನ್ನೊಂದು ಸೊನ್ನೆಯನ್ನೂ ಕಪ್ಪೆಂದರೆ ಚಿತ್ರವು ಕೆಡುವುದು. ಇದನ್ನು ಜೋಡಿಸಲು ಬಂದವನಿಂದಲೇ ನೋಡಿಸಿಕೊಳ್ಳಬಹುದು. ಹಿರಿಯರನ್ನು ತೆರೆಗೆ ನೇರವಾಗಿ, ಸ್ವಲ್ಪ ಹತ್ತಿರಕ್ಕೆ ಕೂಡ್ರಿಸಿರಿ, ಎಲ್.ಸಿ.ಡಿ. ತೆರೆಯು ಪಕ್ಕದಿಂದ ನೋಡಿದವರಿಗೆ ಇನ್ನೂ ಮಂಕಾಗುವುದು.

ಗೃಹಸ್ಥರ ಕರ್ತವ್ಯವನ್ನು ಹೇಳಿದಂತೆ ನಿರ್ಮಾಪಕರಿಗೂ ಎರಡು ಮಾತು ಹೇಳದಿದ್ದರೆ ನ್ಯಾಯವಾಗದು. ಟಿ.ವಿ. ತಯಾರಕರೂ ಚಿತ್ರಕರ್ತರೂ ಕೂಡಿ 2019ರಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಎಂಬ ಕ್ರಮವನ್ನು ಪ್ರಕಟಿಸಿದರು. ಕರ್ತೃವಿನ ಉದ್ದೇಶವನ್ನು ಟಿ.ವಿ.ಯು ಕೆಡಿಸದಿರಲೆಂಬುದು ಅದರ ಆಶಯ. ಒಳ್ಳೆಯದೇ. ಆದರೆ ಕರ್ತೃವಿನ ಉದ್ದೇಶಕ್ಕೆ ಮಾನವಿರುವಂತೆ ನೋಟಕನ ಕಣ್ಣಿಗೂ ಮಾನವಿರಬೇಡವೇ? ಮನೆಗಾಗಿ ಕೊಡುವ ಪ್ರತಿಯನ್ನು ಒಮ್ಮೆ ಸಾಧಾರಣವಾದ ಟಿ.ವಿ.ಯಲ್ಲಿ, ದೀಪ ಉರಿಯುವ ಕೋಣೆಯಲ್ಲಿ, ಅರವತ್ತು ದಾಟಿದ ಒಬ್ಬರನ್ನು ಪಕ್ಕಕ್ಕೆ ಕೂಡ್ರಿಸಿಕೊಂಡು ನೋಡುವ ಪದ್ಧತಿಯನ್ನು ಅವರು ಇಟ್ಟುಕೊಂಡರೆ ಅರ್ಧ ದೂರು ಅಲ್ಲಿಯೇ ತೀರುವುದು. ಕತ್ತಲೆಯನ್ನು ತೋರಿಸಬೇಡಿರೆಂದು ನಾವು ಹೇಳುತ್ತಿಲ್ಲ. ಭಯಾನಕಕ್ಕೂ ಕರುಣಕ್ಕೂ ಕತ್ತಲೆಯು ಉದ್ದೀಪನವಿಭಾವವೇ ಅಹುದು. ಆದರೆ ಉದ್ದೀಪನವು ಆಲಂಬನವನ್ನೇ ನುಂಗಿದರೆ ರಸವು ಯಾರನ್ನು ಆಶ್ರಯಿಸಿ ನಿಲ್ಲಬೇಕು? ಕತ್ತಲೆಯು ಕಾಣಬೇಕು, ಕಾಣದಂತೆ ಮಾಡಬಾರದು.

ಸೂರ್ಯನನ್ನು ಕರ್ಮಸಾಕ್ಷಿಯೆಂದು ಕರೆದ ನಾಡು ನಮ್ಮದು. ಬೆಳಕಿಲ್ಲದೆ ಸಾಕ್ಷಿತ್ವವಿಲ್ಲವೆಂದು ಅದರ ತಾತ್ಪರ್ಯ. ಒಂದು ಕಥೆಗೆ ಮನೆಯವರೆಲ್ಲರೂ ಒಟ್ಟಿಗೆ ಸಾಕ್ಷಿಗಳಾಗಿ, ಒಟ್ಟಿಗೆ ನಕ್ಕು, ಒಟ್ಟಿಗೆ ಕಣ್ಣೀರಿಡುವುದರಲ್ಲಿ ಒಂದು ಗೃಹಸೌಖ್ಯವಿರುವುದು. ಅದಕ್ಕಾಗಿ ಒಂದು ಪರದೆಯನ್ನು ಇಳಿಬಿಡುವುದು, ಒಂದು ದೀಪದ ಸ್ಥಾನವನ್ನು ಬದಲಿಸುವುದು, ರಿಮೋಟಿನ ಎರಡು ಗುಂಡಿಗಳನ್ನು ಒತ್ತುವುದು ದೊಡ್ಡ ಶ್ರಮವಲ್ಲ. ಇದನ್ನು ಓದಿದ ಮನೆಗಳಲ್ಲಿ ಇಂದಿನ ರಾತ್ರಿಯೇ ಯಾರಾದರೊಬ್ಬರು ಹಿರಿಯರ ಬಳಿಗೆ ಹೋಗಿ, “ಈಗ ಕಾಣಿಸುತ್ತದೆಯೇ?” ಎಂದು ಕೇಳಿದರೆ ನಮ್ಮ ಬರವಣಿಗೆಯು ಸಾರ್ಥಕವಾಯಿತೆಂದು ಭಾವಿಸುವೆವು.